ಬಿಳಿ ಜಗ್ಗಿನ ಬಿಳುಪು

ಕೇಳುಗರೇ, ನಮಸ್ಕಾರ. ಕಣ್ಣಿಗೆ ಕಾಣದ ಚಿತ್ರದ ಬಗ್ಗೆ ಬಾನುಲಿಯಲ್ಲಿ ಮಾತನಾಡುವುದು ಭಂಡ ಧೈರ್ಯವೇ ಸರಿ. ಆದರೆ ಚಿತ್ರದಲ್ಲಿರುವುದು ನೀವು ಎಷ್ಟೋ ಸಲ ಕೈಯಲ್ಲಿ ಹಿಡಿದಿರುವ ವಸ್ತು: ಒಂದು ಬಿಳಿ ಪಿಂಗಾಣಿ ಜಗ್ಗು. ಮೇಜಿನ ಮೇಲೆ ಅದೊಂದೇ ಇದೆ. ಎಡಗಡೆಯಿಂದ ಬೆಳಕು ಬೀಳುತ್ತಿದೆ.

ಈ ಜಲವರ್ಣ ಚಿತ್ರವನ್ನು ಮೊದಲು ನೋಡಿದಾಗ ನಾನೂ ‘ಚೆನ್ನಾಗಿದೆ’ ಎಂದು ಮುಂದೆ ಸಾಗಿದ್ದೆ. ಸಣ್ಣದೊಂದು ಅನುಮಾನ ನನ್ನನ್ನು ಹಿಂದಕ್ಕೆ ಕರೆತಂದಿತು. ಜಗ್ಗೇನೋ ಬಿಳಿ, ಬಿಳಿ ಬಣ್ಣ ಎಲ್ಲಿದೆ? ಹತ್ತಿರ ನಿಂತು ಹುಡುಕಿದೆ. ಹೊಟ್ಟೆಯ ಬಲಮಗ್ಗುಲಲ್ಲಿ ತಿಳಿನೀಲಿ, ಹಿಡಿಕೆಯ ಕೆಳಗೆ ಮಾಸಲು ನೇರಳೆ, ತಳದಲ್ಲಿ ಮೇಜಿನ ಬಣ್ಣ ಮೆತ್ತಿಕೊಂಡಂಥ ನಸುಗಂದು. ಬಿಳಿ ಮಾತ್ರ ಒಂದು ತೊಟ್ಟೂ ಇಲ್ಲ. ಜಗ್ಗು ಹೊಳೆಯುತ್ತಿದ್ದ ಕಡೆಯೆಲ್ಲ ಇದ್ದದ್ದು ಬರೀ ಕಾಗದ!

ಜಲವರ್ಣವೆಂದರೆ ಬಣ್ಣದ ಪುಡಿ, ಅಕೇಶಿಯ ಮರದ ಗೋಂದು, ಮತ್ತು ನೀರು. ತೆಳುವಾಗಿ ಹಚ್ಚಿದರೆ ಬೆಳಕು ಬಣ್ಣವನ್ನು ದಾಟಿ ಕಾಗದಕ್ಕೆ ತಾಗಿ ನಮ್ಮ ಕಣ್ಣಿಗೆ ಮರಳುತ್ತದೆ. ತೈಲವರ್ಣದವರು ಎಲ್ಲ ಮುಗಿದ ಮೇಲೂ ಒಂದು ಬಿಳಿ ಚುಕ್ಕೆ ಇಟ್ಟು ಹೊಳಪು ತರಬಲ್ಲರು. ಇಲ್ಲಿ ಹಾಗಲ್ಲ, ಎಲ್ಲಿ ಕುಂಚ ತಾಗಬಾರದು ಎಂಬುದು ನೀರುಬಣ್ಣದ ಮೊದಲ ತೆಳು ಪದರ ಹಚ್ಚುವ ಮುಂಚೆಯೇ ತೀರ್ಮಾನವಾಗಬೇಕು. ಜಲವರ್ಣಕ್ಕೆಂದೇ 1834ರಲ್ಲಿ ಇಂಗ್ಲೆಂಡಿನ ವಿನ್ಸರ್ ಅಂಡ್ ನ್ಯೂಟನ್ ಕಂಪನಿ ‘ಚೈನೀಸ್ ವೈಟ್’ ಎಂಬ ಸತುವಿನ ಬಿಳಿಯನ್ನು ತಂದದ್ದುಂಟು. ಅದನ್ನು ಸೊಗಸಾಗಿ ಬಳಸಿದವರೂ ಇದ್ದಾರೆ. ನನ್ನ ಕಣ್ಣಿಗೆ ಮಾತ್ರ ಅದು ಸುಣ್ಣ ಹಚ್ಚಿದಂತೆಯೇ ಕಾಣುತ್ತದೆ.

ಫ್ರಾನ್ಸಿನ ಚಿತ್ರಕಾರ ಪಾಲ್ ಸೆಜಾನ್ 1906ರಲ್ಲಿ ತೀರಿಕೊಂಡರು. ಅದಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಅವರು ನೀಲಿ ಪಾತ್ರೆಯೊಂದರ ಜಲವರ್ಣ ಬರೆದಿದ್ದಾರೆ, ಈಗ ಅದು ಲಾಸ್ ಏಂಜಲೀಸ್‌ನ ಗೆಟ್ಟಿ ಸಂಗ್ರಹಾಲಯದಲ್ಲಿದೆ. ಅಲ್ಲಿಯೂ ಬೆಳಕಿನ ಜಾಗಗಳಲ್ಲಿ ಖಾಲಿ ಕಾಗದವೇ ಕೆಲಸ ಮಾಡುತ್ತದೆ.

ನಮ್ಮ ಜಗ್ಗಿಗೆ ಬರೋಣ. ಅದರ ನೆರಳಿನ ಬುಡದಲ್ಲಿ ಹೂಕೋಸಿನ ಅಂಚಿನಂಥ ಒಂದು ಕಲೆಯಿದೆ. ಅರೆ ಒಣಗಿದ ಬಣ್ಣಕ್ಕೆ ಹೆಚ್ಚು ನೀರು ಸೇರಿದರೆ ಹೀಗಾಗುತ್ತದೆ. ತಪ್ಪೆಂದು ಉಜ್ಜಿ ತೆಗೆಯದೆ ಕಲಾವಿದರು ಅದನ್ನು ಹಾಗೆಯೇ ಬಿಟ್ಟಿದ್ದಾರೆ. ಒಳ್ಳೆಯದನ್ನೇ ಮಾಡಿದರು, ಆ ನೆರಳು ಇನ್ನೂ ಹಸಿಯಾಗಿದೆ ಅನ್ನಿಸುತ್ತದೆ.

ಇನ್ನು ಜಗ್ಗಿನ ಎಡ ಅಂಚು. ಅಲ್ಲಿ ಹಿನ್ನೆಲೆಯೂ ಖಾಲಿ, ಜಗ್ಗೂ ಖಾಲಿ, ನಡುವೆ ಗೆರೆಯೇ ಇಲ್ಲ. ಆದರೂ ಜಗ್ಗು ದುಂಡಗೆ ಇಡಿಯಾಗಿ ಕಾಣುತ್ತದೆ. ಅಂಚು ಎಲ್ಲಿದೆಯೆಂದು ಗಾಳಿಯಲ್ಲಿ ಬೆರಳಾಡಿಸಿ ಎಳೆದು ನೋಡಿದೆ. ಎರಡು ಸಲ ಎಳೆದೆ, ಎರಡು ಸಲವೂ ಬೆರಳು ಬೇರೆ ಬೇರೆ ದಾರಿ ಹಿಡಿಯಿತು.