ಸವೆದ ಕೌದಿಗೆ ತೋಳು

ಕೇಳುಗರಿಗೆ ನಮಸ್ಕಾರ. ಕೊಡಗಿನಲ್ಲಿ ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ. ನನ್ನ ತಾಯಿ ಹಾವೇರಿಯ ಕಡೆಯಿಂದ ಮದುವೆಯಾಗಿ ಈ ಜಿಲ್ಲೆಗೆ ಬಂದಾಗ ತಂದಿದ್ದ ಕೌದಿಯನ್ನು ಅಂಥದೊಂದು ಮಳೆಗಾಲ ಕಳೆದ ಮೇಲೆ ಹೊರತೆಗೆದು ನೋಡಿದರೆ, ಒಂದು ಮೂಲೆಯನ್ನು ಇಲಿ ಕಡಿದಿತ್ತು, ಮಡಿಕೆಯ ಗೆರೆಯುದ್ದಕ್ಕೂ ಬಟ್ಟೆ ಸೀಳಿತ್ತು, ಕಾಲಿನ ಕಡೆಯ ಮೊಳದಷ್ಟು ಭಾಗ ಬಲೆಯಂತಾಗಿತ್ತು. ಹೊದೆಯಲು ಬಾರದ, ಎಸೆಯಲು ಮನಸ್ಸೊಪ್ಪದ ಇಂಥ ಕೌದಿಯಿಂದ ತೊಡುವ ಉಡುಪನ್ನು ಹೊಲಿಯುವ ಬಗೆಯನ್ನು, ಹೊಲಿಗೆಯನ್ನೇ ಕಸುಬಾಗಿ ಮಾಡಿಕೊಂಡ ನಾನು ಕಲಿತಷ್ಟು ಇಂದು ಹೇಳುತ್ತೇನೆ.

ಕೌದಿ ಹತ್ತಿ ತುಂಬಿದ ರಜಾಯಿಯಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಸಾಲು ಸಾಲಾಗಿ ಕೈಹೊಲಿಗೆ ಹಾಕಿ ಒಂದಾಗಿಸಿದ ಹೊದಿಕೆ ಅದು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ, ಕವಂದಿ ಎಂಬ ಕೌದಿಯಲ್ಲಿ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ; ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂವು ಕೂರುತ್ತದೆ. ಅಂಥದು ಗಟ್ಟಿಯಾಗಿದ್ದರೆ ಅದಕ್ಕೆ ಕತ್ತರಿ ಮುಟ್ಟಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ. ನ್ಯೂಯಾರ್ಕಿನಲ್ಲಿ ಎಮಿಲಿ ಬೋಡಿ ಎಂಬ ವಿನ್ಯಾಸಕಿ 2016ರಲ್ಲಿ ಆರಂಭಿಸಿದ ಉಡುಪಿನ ಸಂಸ್ಥೆ, ಅಲ್ಲಿಯ ಹಳೆಯ ಕ್ವಿಲ್ಟುಗಳಿಂದ ಕೋಟುಗಳನ್ನು ಹೊಲಿದು ಹೆಸರು ಮಾಡಿತು. ಬೇಡಿಕೆ ಹುಟ್ಟಿದ ಮೇಲೆ ಚೆನ್ನಾಗಿರುವುದನ್ನೂ ಕತ್ತರಿಸುವ ಆಸೆ ಹುಟ್ಟುತ್ತದೆ. ನಾವು ಹರಿದದ್ದಕ್ಕೆ ಮಾತ್ರ ಕೈ ಹಾಕೋಣ.

ಮೊದಲು ಕೌದಿಯನ್ನು ಬಿಸಿಲಿಗೆ ಎದುರಾಗಿ ಹಿಡಿದು ನೋಡಬೇಕು. ಬೆಳಕು ತೂರಿ ಬರುವ ಕಡೆ ಒಳಪದರ ಸವೆದಿದೆ ಎಂದರ್ಥ. ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದಾಗ ಕಾಗದದಂತೆ ಹರಿಯುವ ಬಟ್ಟೆಯನ್ನು ನಂಬಬಾರದು. ಕಬ್ಬಿಣದ ಅಂಶ ಸೇರಿಸಿ ಕಪ್ಪು ಅಥವಾ ಕಂದು ಬಣ್ಣ ಕಟ್ಟಿದ ಹಳೆಯ ಹತ್ತಿಬಟ್ಟೆ ಉಳಿದವುಗಳಿಗಿಂತ ಮೊದಲು ಪುಡಿಯಾಗುವುದರಿಂದ, ಆ ತುಂಡುಗಳನ್ನು ಎರಡೆರಡು ಸಲ ಪರೀಕ್ಷಿಸಬೇಕು. ನಮ್ಮ ಮನೆಯ ಕೌದಿಯ ಇಲಿ ಕಡಿದ ಮೂಲೆಯನ್ನು ಬಿಡಿಸಿದಾಗ ಒಳಗೆ ಇನ್ನೊಂದು ಕೌದಿಯೇ ಇತ್ತು. ಅಜ್ಜಿಯ ಕಾಲದ್ದಿರಬೇಕು, ಅದರ ಹೊಲಿಗೆ ಮೇಲಿನದಕ್ಕಿಂತ ಎಷ್ಟೋ ಒತ್ತಾಗಿತ್ತು. ಅಮ್ಮ ಅದರ ಮಾತನ್ನು ಎಂದೂ ಆಡಿದವಳಲ್ಲ.

ಬೂಷ್ಟನ್ನು ಮನೆಯ ಹೊರಗೆ, ಬಟ್ಟೆ ಒಣಗಿದ್ದಾಗಲೇ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಒಗೆತಕ್ಕೆ ಫೆಬ್ರವರಿ, ಮಾರ್ಚ್ ತಿಂಗಳೇ ಸರಿ. ಅಂಟುವಾಳದ ನೀರಿನಲ್ಲಿ ನೆನೆಸಿ, ಕೈಯಿಂದ ಒತ್ತಿ ಕೊಳೆ ಬಿಡಿಸಬೇಕೇ ಹೊರತು ಕಲ್ಲಿಗೆ ಬಡಿಯಬಾರದು, ಹಿಂಡಲೂ ಬಾರದು. ನೀರು ಕುಡಿದ ಕೌದಿಯನ್ನು ಒಂದು ತುದಿ ಹಿಡಿದು ಎತ್ತಿದರೆ ತನ್ನ ಭಾರಕ್ಕೇ ಹರಿಯುತ್ತದೆ. ಆದ್ದರಿಂದ ಕೆಳಗೆ ಹಾಸಿದ ಬೆಡ್‌ಶೀಟಿನ ಸಮೇತ ಇಬ್ಬರು ಸೇರಿ ಎತ್ತಬೇಕು. ನಾವು ಅದನ್ನು ಕಾಫಿ ಒಣಗಿಸುವ ಕಣದಲ್ಲಿ ಹಾಸಿ, ಮೇಲೆ ತೆಳುಬಟ್ಟೆ ಹೊದಿಸಿ ಒಣಗಿಸಿದೆವು.

ಇನ್ನು ಕತ್ತರಿಸುವ ವಿಚಾರ. ನನ್ನ ಮೊದಲ ಪ್ರಯತ್ನದಲ್ಲಿ ಸಾಮಾನ್ಯ ಬಟ್ಟೆಯಂತೆ ಸೀಮೆಸುಣ್ಣದ ಗುರುತು ಹಾಕಿ ನೇರವಾಗಿ ಕತ್ತರಿಸಿಬಿಟ್ಟೆ. ತುಂಡಾದ ಸಾಲುಹೊಲಿಗೆಗಳೆಲ್ಲ ತುದಿಯಿಂದ ಬಿಚ್ಚಿಕೊಂಡು, ಪದರಗಳು ಒಂದರ ಮೇಲೊಂದು ಜಾರಿ, ಸಂಜೆಯ ಹೊತ್ತಿಗೆ ನನ್ನ ಮುಂದೆ ಚಿಂದಿಯ ರಾಶಿ ಉಳಿದಿತ್ತು. ಅಂದಿನಿಂದ, ಕತ್ತರಿಸುವ ಗೆರೆಯ ಒಳಬದಿಗೆ ಕಾಲಂಗುಲ ಬಿಟ್ಟು ಮೆಷಿನ್ನಿನಲ್ಲಿ ಎರಡು ಸಾಲು ಹೊಲಿದ ಮೇಲೆಯೇ ಕತ್ತರಿ ಹಿಡಿಯುತ್ತೇನೆ. ಕಾಗದದ ಅಳತೆತುಂಡುಗಳನ್ನು ಕೌದಿಯ ಮೇಲೆ ಅತ್ತಿತ್ತ ಸರಿಸಿ, ಗಟ್ಟಿಯಾದ ಭಾಗ ಬೆನ್ನಿಗೂ ಹೆಗಲಿಗೂ ಬರುವಂತೆ, ಮೂಲ ಅಂಚು ತೋಳಿನ ಕೊನೆಗೆ ಬರುವಂತೆ ನೋಡಿಕೊಂಡರೆ ಅಲ್ಲಿ ಬೇರೆ ಪಟ್ಟಿಯೇ ಬೇಕಾಗುವುದಿಲ್ಲ. ಚಿಕ್ಕ ತೂತು ಬಂದರೆ ಹಿಂದೆ ಮಲ್ ಬಟ್ಟೆ ಇಟ್ಟು ಕೈಯಲ್ಲೇ ಹೊಲಿಯಬಹುದು.

ಯಾವ ಉಡುಪು ಎಂಬುದನ್ನು ಕೌದಿಯ ದಪ್ಪವೇ ತೀರ್ಮಾನಿಸುತ್ತದೆ. ನೆರಿಗೆ, ಮೈಗೆ ಕೂರುವಂತೆ ಬಟ್ಟೆ ಮಡಿಸಿ ಹೊಲಿಯುವ ಡಾರ್ಟು, ಕಾಲರು ಇದಕ್ಕೆ ಒಗ್ಗವು. ಕಾಜ ಹೊಲಿಯುವುದಂತೂ ಪಡಿಪಾಟಲು. ಮುಂಭಾಗ ತೆರೆದಿದ್ದು, ಒಂದರ ಮೇಲೊಂದು ಬಂದು, ಸೊಂಟಕ್ಕೆ ಚೇಲೆ ಎಂಬ ನಡುಪಟ್ಟಿ ಬಿಗಿದು ನಿಲ್ಲಿಸುವ, ಕೊಡವ ಗಂಡಸರ ಉಡುಪಾದ ಕುಪ್ಯವನ್ನು ನೋಡುತ್ತ ಬೆಳೆದ ನಮಗೆ ಇದಕ್ಕೊಂದು ದಾರಿ ಹೊಳೆಯುವುದು ಕಷ್ಟವಲ್ಲ. ಕಾಲರೂ ಗುಂಡಿಯೂ ಇಲ್ಲದ, ಸಡಿಲ ಬಗಲಿನ, ನೇರ ಕತ್ತರಿಕೆಯ ಮೇಲಂಗಿಯನ್ನು ನಾನು ಹೊಲಿದು, ಬದಿಗೆ ಬಟ್ಟೆಯ ಕಟ್ಟು ಕೊಟ್ಟೆ. ಅದನ್ನು ಕುಪ್ಯವೆಂದು ಕರೆಯಲಾರೆ. ಮದುವೆಗೂ ಹಬ್ಬಕ್ಕೂ ತೊಡುವ ಉಡುಪಿನ ಹೆಸರನ್ನು ಚಳಿಗೆ ಹಾಕುವ ಅಂಗಿಗೆ ಕೊಡುವುದು ಸಲ್ಲದು.

ಕೂಡುಹೊಲಿಗೆಯಲ್ಲಿ ಎರಡು ದಪ್ಪಗಳು ಸೇರುವುದರಿಂದ, ಅಂಚಿನ ಅರ್ಧ ಅಂಗುಲದಷ್ಟು ಜಾಗದಲ್ಲಿ ಒಳಪದರಗಳನ್ನು ಕತ್ತರಿಸಿ ತೆಳ್ಳಗೆ ಮಾಡಿಕೊಳ್ಳಬೇಕು. ಹದಿನೆಂಟನೆಯ ನಂಬರಿನ ಸೂಜಿ, ಉದ್ದನೆಯ ಹೊಲಿಗೆ, ನಿಧಾನದ ಪೆಡಲು. ಒಳಗಿನ ಅಂಚಿಗೆ ಹಳೆಯ ಹತ್ತಿ ಸೀರೆಯಿಂದ ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ ಸಾಕು. ಅಸ್ತರು ಕೊಟ್ಟರೆ ಹಿಂಬದಿಯ ಹೊಲಿಗೆ ಮರೆಯಾಗುತ್ತದೆ. ಒಳಗೆ ಸಿಕ್ಕಿದ ಆ ಹಳೆಯ ಕೌದಿಯ ಅಂಗೈಯಗಲದ ತುಂಡನ್ನು ಎಡಬದಿಗೆ ಒಳಜೇಬಾಗಿ ಕೂರಿಸಿದ್ದೇನೆ.

ಈ ಅಂಗಿಯನ್ನು ಹ್ಯಾಂಗರಿಗೆ ತೂಗುಹಾಕಬಾರದು, ಭಾರಕ್ಕೆ ಹೆಗಲು ಇಳಿಯುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ತೇವ ಒಳಗೇ ಉಳಿಯುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಒಂದು ದಿನ ಕಾಯಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಜೊತೆಗೆ ಕರಿಮೆಣಸಿನ ಚಿಕ್ಕ ಗಂಟೊಂದನ್ನಿಟ್ಟು, ಹೋದ ವರ್ಷ ಮಡಿಸಿದ ಗೆರೆಯನ್ನು ತಪ್ಪಿಸಿ ಬೇರೆ ಕಡೆಗೆ ಮಡಿಸಿಡಬೇಕು. ಅಮ್ಮನ ಕೌದಿ ಸೀಳಿದ್ದು ಆ ಗೆರೆಯಲ್ಲಿಯೇ. ನಮಸ್ಕಾರ.