ಸಕ್ರಮವಾಗುವ ನಿರೀಕ್ಷೆಗೂ ಒಂದು ದರ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಸಭಿಕರೇ,

ಸರ್ಕಾರದ ನೀತಿಯಿಂದ ಸೈಟು ಕೊಳ್ಳುವವರಿಗೆ ಆಗುವ ತೊಂದರೆ ಎಂದೊಡನೆ ಮಾತು ಮುದ್ರಾಂಕ ಶುಲ್ಕದ ಕಡೆಗೆ ಹೊರಳುತ್ತದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದ ಮೇಲಂತೂ ಬೇರೆ ವಿಷಯವೇ ಇಲ್ಲವೆನ್ನುವಂತಾಗಿದೆ. ಆ ಏರಿಕೆಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಶುಲ್ಕ ಎಷ್ಟೆಂಬುದು ಮುಂಗಡ ಕೊಡುವ ಮೊದಲೇ ತಿಳಿದಿರುತ್ತದೆ, ಲೆಕ್ಕ ಹಾಕಿಕೊಳ್ಳಬಹುದು. ಸರ್ಕಾರ ತಾನೇ ಎಳೆದ ಗೆರೆಯನ್ನು ತಾನೇ ಅಳಿಸಿ, ವರ್ಷಗಳ ನಂತರ ಮತ್ತೆ ಎಳೆದಾಗ ಆಗುವ ನಷ್ಟವನ್ನು ಯಾವ ಲೆಕ್ಕಿಗನೂ ಮೊದಲೇ ಹೇಳಲಾರ.

ಡಾ. ಶಿವರಾಮ ಕಾರಂತ ಬಡಾವಣೆಯ ಇತಿಹಾಸ ನಿಮಗೆಲ್ಲ ಗೊತ್ತಿರುವುದೇ. 2008ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಉತ್ತರಕ್ಕಿರುವ 17 ಹಳ್ಳಿಗಳ 3,546 ಎಕರೆಯನ್ನು ಈ ಬಡಾವಣೆಗಾಗಿ ಸ್ವಾಧೀನಪಡಿಸಿಕೊಳ್ಳಲು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಅಂತಿಮ ಅಧಿಸೂಚನೆ ಹೊರಬೀಳಲು ಸುಮಾರು ಹತ್ತು ವರ್ಷ ಹಿಡಿಯಿತು. ನಡುವೆ ಒಂದಷ್ಟು ಜಮೀನನ್ನು ಕೈಬಿಡಲಾಯಿತು, ಪ್ರಾಥಮಿಕ ಅಧಿಸೂಚನೆಯೇ ಹೈಕೋರ್ಟಿನಲ್ಲಿ ಬಿದ್ದುಹೋಯಿತು, ಸೈಟುಗಳು ಮಾರಾಟವಾದವು, ಮನೆಗಳೆದ್ದವು. 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಅಧಿಸೂಚನೆಗೆ ಮತ್ತೆ ಜೀವ ಕೊಟ್ಟಿತು.

ಹಾಸನದ ಕಡೆಯ ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಅಲ್ಲಿ ಮೂವತ್ತು-ನಲವತ್ತರ ಸೈಟು ಕೊಂಡಿದ್ದರು. ಕೊಳ್ಳುವ ಮುನ್ನ ಅವರು ಮಾಡದ ವಿಚಾರಣೆಯಿಲ್ಲ. ಪಹಣಿ, ಋಣಭಾರ ಪತ್ರ (ಇಸಿ), ಮೂಲಪತ್ರ, ಪಂಚಾಯಿತಿಯ ಖಾತೆ ಎಲ್ಲವನ್ನೂ ತರಿಸಿಕೊಂಡು, ಉತ್ತರಪತ್ರಿಕೆ ತಿದ್ದಿದ ಅಭ್ಯಾಸಬಲದಿಂದ ಪ್ರತಿ ಜೆರಾಕ್ಸ್ ಹಾಳೆಗೂ ಕೆಂಪು ಶಾಯಿಯಲ್ಲಿ ಪುಟಸಂಖ್ಯೆ ಹಾಕಿ, ಸರಿಯಿದೆ ಎಂದು ಗುರುತು ಮಾಡಿದ್ದರು. ಬಿಡಿಎ ವಿಷಯ ಕೇಳಿದಾಗ ದಲ್ಲಾಳಿ ನಕ್ಕು, “ಬಿಡಿಎನೇ ಬಿಟ್ಟುಬಿಟ್ಟಿದೆ ಮೇಷ್ಟ್ರೇ, ನೀವ್ಯಾಕೆ ಹಿಡ್ಕೊಂಡು ಕೂತಿದ್ದೀರಿ?” ಎಂದನಂತೆ. ಆ ಹೊತ್ತಿಗೆ ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲವೆನ್ನುವುದೇ ಈ ಕಥೆಯ ವಿಚಿತ್ರ. ಪಕ್ಕದ ಸೈಟಿನವರು ನಕ್ಷೆ ಮಂಜೂರಾತಿಯ ಗೊಡವೆಗೇ ಹೋಗದೆ ಎರಡಂತಸ್ತು ಎಬ್ಬಿಸಿದರು. ಮೇಷ್ಟ್ರು ಮಂಜೂರಾತಿ ಸಿಗಲಿ ಎಂದು ಕಾದರು. ಮುಂದೆ ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿ ರಚನೆಯಾದಾಗ, ತೀರ್ಪಿಗೆ ಮೊದಲೇ ಕಟ್ಟಿದ ಮನೆಗಳನ್ನು ಸಕ್ರಮಗೊಳಿಸುವ ದಾರಿ ತೆರೆಯಿತು. ಪಕ್ಕದವರಿಗೆ ಪತ್ರ ಸಿಕ್ಕಿತು. ಖಾಲಿ ಸೈಟಿನ ಮೇಷ್ಟ್ರು ಆ ಕೆಂಪು ಗುರುತಿನ ಕಾಗದಗಳನ್ನು ಹಿಡಿದು ಇಂದಿಗೂ ಅಲೆಯುತ್ತಿದ್ದಾರೆ. ಸಮಿತಿಯನ್ನು ನಾನು ದೂರುವುದಿಲ್ಲ. ನಿಂತ ಮನೆಯನ್ನು ಕೆಡವಿ ಎಂದು ಹೇಳುವುದು ಯಾರಿಗೂ ಸುಲಭವಲ್ಲ. ಆದರೆ ಅವಸರಪಟ್ಟವನು ಉಳಿದು, ಕಾನೂನಿಗೆ ಕಾದವನು ಕೆಟ್ಟದ್ದನ್ನು ಊರೆಲ್ಲ ನೋಡಿದೆ.

ನೋಡಿದವರು ಪಾಠ ಕಲಿಯದೇ ಇರುತ್ತಾರೆಯೇ? ನಿಯಮ ಮೀರಿದ ಸೈಟು, ಕಟ್ಟಡಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆಯನ್ನೇ ತೆಗೆದುಕೊಳ್ಳಿ. 2014ರಲ್ಲಿ ನಿಯಮಗಳಾದವು, 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. ಯೋಜನೆ ನಿಂತಿತು, ಅನುಮೋದನೆಯಿಲ್ಲದೆ ಕೃಷಿ ಜಮೀನಿನಲ್ಲಿ ಒಡೆದ ರೆವಿನ್ಯೂ ಸೈಟಿನ ವ್ಯಾಪಾರ ನಿಲ್ಲಲಿಲ್ಲ. 2025ರಲ್ಲಿ, ಸರ್ಕಾರವೇ ನಿಗದಿಪಡಿಸುವ ಮಾರ್ಗಸೂಚಿ ಮೌಲ್ಯದ ಶೇ. 5ರಷ್ಟು ಕಟ್ಟಿದರೆ, ಅನುಮೋದನೆಯಿಲ್ಲದ ಬಿ ಖಾತಾ ಸೈಟಿಗೆ ಸಕ್ರಮ ಆಸ್ತಿಯ ಎ ಖಾತಾ ಕೊಡುವುದಾಗಿ ಸರ್ಕಾರ ಪ್ರಕಟಿಸಿತು. ಸಾಲ ಸಿಗದೆ, ನಕ್ಷೆ ಸಿಗದೆ ಒದ್ದಾಡಿದವರಿಗೆ ಅದರಿಂದ ಬಿಡುಗಡೆ ಸಿಕ್ಕರೆ ನನಗೂ ಸಂತೋಷವೇ. ಆದರೆ ಇಂಥ ಪ್ರತಿ ಪ್ರಕಟಣೆಯ ಬೆನ್ನಿಗೇ ದಲ್ಲಾಳಿ ಮಾರುವುದು ಮಣ್ಣಿನ ಜೊತೆಗೆ ಮುಂದಿನ ರಿಯಾಯಿತಿಯ ನಿರೀಕ್ಷೆಯನ್ನು ಕೂಡ. ಚದರಡಿಗೆ ಇಷ್ಟೆಂದು ಅದಕ್ಕೂ ದರವಿದೆ. ಅನುಮೋದಿತ ಬಡಾವಣೆಯಲ್ಲಿ ಪೂರ್ತಿ ಬೆಲೆ ತೆತ್ತವನಿಗೆ ಯಾವ ರಿಯಾಯಿತಿಯೂ ಇಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿರುವುದರಿಂದ ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಖರೀದಿದಾರರ ಹಣದಲ್ಲಿ ಶೇ. 70ನ್ನು ಬಿಲ್ಡರ್ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡಬೇಕೆಂಬ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನಿಯಮ ಒಳ್ಳೆಯದು. ಆದರೆ ಹಣ ಮರಳಿಸಲು ಆದೇಶವಾದ ಮೇಲೂ ವಸೂಲಿ ಕಂದಾಯ ಅಧಿಕಾರಿಗಳ ಕೈಯಲ್ಲಿರುತ್ತದೆ, ಅಲ್ಲಿ ಕಡತಕ್ಕೆ ಅವಸರವಿಲ್ಲ. ಬಂಡವಾಳ ಲಾಭ ತೆರಿಗೆಯ ಬಗ್ಗೆ ಇಷ್ಟೇ: 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಯಾದರೆ ಹಣದುಬ್ಬರಕ್ಕೆ ಹೊಂದಿಸುವ ಹಳೆಯ ಲೆಕ್ಕ, ಹೊಂದಿಸದ ಹೊಸ ಲೆಕ್ಕ ಎರಡನ್ನೂ ಹಾಕಿಸಿ ನೋಡಿ. ಇನ್ನು ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ರದ್ದಾದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಭೂಪರಿವರ್ತನೆಯಿಲ್ಲದೆ ಅದನ್ನು ಸೈಟುಗಳಾಗಿ ಒಡೆಯಲು ಮಾತ್ರ ಇಂದಿಗೂ ಅನುಮತಿಯಿಲ್ಲ. ತೋಟದ ಮನೆಯೆಂಬ ಹೆಸರಿನಲ್ಲಿ ಗುಂಟೆ ಲೆಕ್ಕದಲ್ಲಿ ಕೊಂಡವರು ಸಭೆಯಲ್ಲಿದ್ದರೆ, ದಯವಿಟ್ಟು ಮೊದಲ ಪ್ರಶ್ನೆ ಅವರಿಂದಲೇ ಬರಲಿ.