ಕೊಂಡ ಮೇಲೆ ಹುಟ್ಟುವ ಅಭಿಮಾನ

ಕೇಳುಗರೆಲ್ಲರಿಗೂ ನಮಸ್ಕಾರ.

ಆಪಲ್ ಕಂಪನಿಯ ಹೊಸ ಫೋನ್ ಮಾರಾಟ ಶುರುವಾಗುವ ದಿನ, ಅಂಗಡಿ ಬಾಗಿಲು ತೆಗೆಯುವ ಮೊದಲೇ ಕ್ಯೂ ನಿಂತವರನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ಆ ಕಂಪನಿಯ ಸ್ವಂತ ಅಂಗಡಿಗಳು ನಮ್ಮ ದೇಶಕ್ಕೆ ಬಂದದ್ದು 2023ರ ಏಪ್ರಿಲ್‌ನಲ್ಲಿ, ಮೊದಲು ಮುಂಬೈಗೆ, ಆಮೇಲೆ ದೆಹಲಿಗೆ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲೂ ಒಂದು ತೆರೆಯಿತು. ಹಾಸನದಿಂದ ಬೆಂಗಳೂರಿಗೆ ಹೋದ ಹುಡುಗರು ಅಲ್ಲಿ ಫೋಟೊ ತೆಗೆಸಿಕೊಂಡು ಬರುತ್ತಾರೆ.

ನಾನು ಹಾಸನದಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ನನ್ನ ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆ ಒಂದಿದೆ. "ಸರ್, ಅದೇ ದುಡ್ಡಿಗೆ ಬೇರೆ ಕಂಪನಿಯ ಎರಡು ಫೋನ್ ಬರುತ್ತೆ. ಬ್ಯಾಟರಿ ಜಾಸ್ತಿ, ಮೆಮೊರಿ ಜಾಸ್ತಿ. ಆದರೂ ಐಫೋನ್ ಹಿಡಿದವರು ಅದನ್ನು ಬಿಡಲ್ಲ. ಯಾಕೆ?" ಪಕ್ಕದಲ್ಲಿ ಕೂತ ಹುಡುಗ ಥಟ್ಟನೆ "ಶೋಕಿ" ಅನ್ನುತ್ತಾನೆ. ಶೋಕಿ ಇದ್ದೇ ಇದೆ. ಇಎಂಐ ಕಟ್ಟಲು ಒದ್ದಾಡುತ್ತಾ ಅದೇ ಫೋನ್ ಬೇಕು ಅನ್ನುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆದರೆ ಶೋಕಿಗಾಗಿ ಒಂದು ಸಲ ಕೊಳ್ಳಬಹುದು. ನಾಲ್ಕು ವರ್ಷ ಬಳಸಿ, ಅದರ ಗುಣ ಅವಗುಣ ಎಲ್ಲ ಗೊತ್ತಾದ ಮೇಲೆ ಮತ್ತೆ ಅದೇ ಕಂಪನಿಯ ಬಾಗಿಲಿಗೆ ಹೋಗುವುದಕ್ಕೆ ಬೇರೆ ಕಾರಣ ಇರಲೇಬೇಕು, ಅಲ್ವಾ?

ನನಗೆ ಕಾಣುವ ಕಾರಣ ಇದು. ವಸ್ತುವಿನ ಮೇಲೆ ಅಭಿಮಾನ ಹುಟ್ಟುವುದು ಕೊಂಡ ದಿನ ಅಲ್ಲ, ಕೊಂಡ ಮೇಲಿನ ವರ್ಷಗಳಲ್ಲಿ. ಮಾಡಿದವರು ಮಾರಿದ ಮೇಲೂ ಅದನ್ನು ತಮ್ಮದೇ ವಸ್ತು ಅಂತ ನೋಡಿಕೊಂಡರೆ ಕೊಂಡವರು ಕಂಪನಿಯವರಿಗಿಂತ ಜೋರಾಗಿ ಅದರ ಪರ ಮಾತಾಡುತ್ತಾರೆ.

ಹಾಸನದವರಿಗೆ ಇದನ್ನು ವಿವರಿಸುವುದು ಸುಲಭ. ಶ್ರೀಹರಿಕೋಟಾದಿಂದ ರಾಕೆಟ್ ಏರಿದಾಗ ದೇಶವೆಲ್ಲ ಚಪ್ಪಾಳೆ ತಟ್ಟುತ್ತದೆ. ಅರ್ಧ ಗಂಟೆಯಲ್ಲಿ ಟಿವಿ ಬೇರೆ ಸುದ್ದಿಗೆ ಹೋಗುತ್ತದೆ. ಸಂಪರ್ಕ ಉಪಗ್ರಹದ ಹೊಣೆ ನಮ್ಮೂರಿನ ಇಸ್ರೋ ಕೇಂದ್ರಕ್ಕೆ, ನಾವೆಲ್ಲ ಎಂಸಿಎಫ್ ಅನ್ನುವ ಜಾಗಕ್ಕೆ, ಬರುವುದು ಆಗಲೇ. ಉಪಗ್ರಹವನ್ನು ಹಂತ ಹಂತವಾಗಿ ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಏರಿಸಬೇಕು. ಅದರ ಜಾಗದಲ್ಲಿ ನಿಲ್ಲಿಸಬೇಕು. ಆಮೇಲೆ ಹತ್ತಾರು ವರ್ಷ, ಹಗಲೂ ರಾತ್ರಿ, ಅತ್ತಿತ್ತ ಜರುಗದಂತೆ ಕಾಯಬೇಕು. 1982ರಿಂದ ಈ ಕೆಲಸ ಇಲ್ಲಿ ಸದ್ದಿಲ್ಲದೆ ನಡೆಯುತ್ತಿದೆ. ಹೊಸ ಫೋನ್ ಬಿಡುಗಡೆಯ ಸಮಾರಂಭ ಶ್ರೀಹರಿಕೋಟಾ ಇದ್ದ ಹಾಗೆ. ಅಭಿಮಾನಿಗಳನ್ನು ಉಳಿಸಿಕೊಡುವುದು ಹಾಸನದಂಥ ಕೆಲಸ.

ಆಪಲ್ ಶುರುವಾದದ್ದು 1976ರ ಏಪ್ರಿಲ್ 1ರಂದು, ಕ್ಯಾಲಿಫೋರ್ನಿಯಾದಲ್ಲಿ. ಸ್ಟೀವ್ ಜಾಬ್ಸ್, ಸ್ಟೀವ್ ವೋಜ್ನಿಯಾಕ್ ಮತ್ತು ರೊನಾಲ್ಡ್ ವೇಯ್ನ್ ಸೇರಿ ಕಟ್ಟಿದ ಕಂಪನಿ. 1984ರಲ್ಲಿ ಅವರ ಮ್ಯಾಕಿಂಟಾಷ್ ಕಂಪ್ಯೂಟರ್ ಬಂತು. ಆವರೆಗೆ ಮನೆ, ಆಫೀಸಿನ ಹೆಚ್ಚಿನ ಕಂಪ್ಯೂಟರ್ ಅಂದರೆ ಕಪ್ಪು ಪರದೆ ಮೇಲೆ ಆಜ್ಞೆಗಳನ್ನು ನೆನಪಿಟ್ಟು ಟೈಪ್ ಮಾಡುವುದು. ಮ್ಯಾಕಿಂಟಾಷ್‌ನಲ್ಲಿ ಮೌಸ್ ಹಿಡಿದು ಚಿತ್ರದ ಮೇಲೆ ಒತ್ತಿದರೆ ಸಾಕಿತ್ತು. ಬೇರೆ ಬೇರೆ ವಿನ್ಯಾಸದ ಚಂದದ ಅಕ್ಷರಗಳಿದ್ದವು. ಜಾಬ್ಸ್ ಕಾಲೇಜು ಬಿಟ್ಟ ಮೇಲೂ ಅಲ್ಲಿನ ಅಕ್ಷರ ಬರೆಯುವ ಕಲೆಯ ತರಗತಿಗೆ ಹೋಗಿ ಕೂರುತ್ತಿದ್ದರು, ಆ ಆಸಕ್ತಿಯೇ ಇಲ್ಲಿ ಕೆಲಸಕ್ಕೆ ಬಂತು. ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದು. ಆ ಕಂಪ್ಯೂಟರನ್ನು ಮಾಡಿದ ತಂಡದವರ ಸಹಿಗಳನ್ನು ಪೆಟ್ಟಿಗೆಯ ಒಳಬದಿಯಲ್ಲಿ ಅಚ್ಚು ಹಾಕಿದ್ದರು. ಕೊಂಡವರಿಗೆ ಅದು ಕಾಣುವುದೇ ಇಲ್ಲ. ರಿಪೇರಿಗೆ ಬಿಚ್ಚಿದವರಿಗೆ ಮಾತ್ರ ಕಾಣುತ್ತದೆ. ಒಳಗೆ ಸಹಿ ಹಾಕುವವರು ಒಳಗಿನ ಕೆಲಸವನ್ನು ಹೇಗಾದರೂ ಆಗಲಿ ಅಂತ ಬಿಡುವವರಲ್ಲ.

ಮುಂದಿನ ವರ್ಷವೇ ಜಾಬ್ಸ್ ಕಂಪನಿಯಿಂದ ಹೊರಗೆ ಹೋಗಬೇಕಾಯಿತು. ತೊಂಬತ್ತರ ದಶಕದಲ್ಲಿ ಆಪಲ್ ಹತ್ತಾರು ಮಾಡೆಲ್‌ಗಳನ್ನು ತಂದು, ಯಾವುದು ಯಾರಿಗೆ ಅಂತ ಗೊತ್ತಾಗದೆ ಮುಳುಗುವ ಹಂತಕ್ಕೆ ಬಂತು. 1997ರಲ್ಲಿ ಜಾಬ್ಸ್ ವಾಪಸ್ ಬಂದು ಹೆಚ್ಚಿನವನ್ನೆಲ್ಲ ನಿಲ್ಲಿಸಿಬಿಟ್ಟರು. ಉಳಿಸಿಕೊಂಡದ್ದು ನಾಲ್ಕೇ ಬಗೆ: ಮನೆಯವರಿಗೆ ಒಂದು ಮೇಜಿನದು, ಒಂದು ಕೈಯಲ್ಲಿ ಒಯ್ಯುವುದು, ವೃತ್ತಿಯವರಿಗೂ ಹಾಗೇ ಎರಡು. ಅಂಗಡಿಗೆ ಹೋಗಿ ಮೂವತ್ತು ಫೋನ್ ಮುಂದೆ ತಲೆ ಕೆಟ್ಟು ನಿಂತವರಿಗೆ ಇದರ ಬೆಲೆ ಗೊತ್ತು. ಕೆಲವನ್ನೇ ಮಾಡಿದರೆ ಅವನ್ನು ವರ್ಷಗಟ್ಟಲೆ ಸರಿಯಾಗಿ ನೋಡಿಕೊಳ್ಳಬಹುದು. ನೂರು ಮಾಡಿದವರಿಗೆ ಹೋದ ವರ್ಷದ್ದೇ ನೆನಪಿರುವುದಿಲ್ಲ.

2007ರ ಐಫೋನ್ ಕಥೆ ಬಹಳಷ್ಟು ಮಂದಿಗೆ ಗೊತ್ತು. ಅದರಲ್ಲಿ ಒಂದು ಸಣ್ಣ ಭಾಗ ಹೇಳುತ್ತೇನೆ. ಜನವರಿಯಲ್ಲಿ ಜಗತ್ತಿಗೆ ತೋರಿಸಿದ ಫೋನಿನ ಪರದೆ ಪ್ಲಾಸ್ಟಿಕ್ಕಿನದು. ಜೇಬಿನಲ್ಲಿ ಕೀ ಜೊತೆ ಇಟ್ಟರೆ ಗೀರು ಬೀಳುತ್ತಿತ್ತು. ಜೂನ್‌ನಲ್ಲಿ ಮಾರಾಟಕ್ಕೆ ಬರುವಷ್ಟರಲ್ಲಿ ಅದನ್ನು ತೆಗೆದು ಗಾಜು ಹಾಕಿದ್ದರು. ಇದನ್ನು ಜಾಹೀರಾತಿನಲ್ಲಿ ನೋಡಿ ಕೊಂಡವರು ಕಡಿಮೆ. ಆದರೆ ವರ್ಷ ಕಳೆದು ಜೇಬಿಂದ ತೆಗೆದಾಗ ಪರದೆ ಇನ್ನೂ ತಿಳಿಯಾಗಿದ್ದರೆ, ಯಾರೋ ನಮಗಾಗಿ ಯೋಚಿಸಿದ್ದಾರೆ ಅನ್ನಿಸುತ್ತದೆ. ಅದೇ ಫೋನಿನಲ್ಲಿ ಬರೆದದ್ದನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡುವ ಸೌಲಭ್ಯವೂ ಇರಲಿಲ್ಲ. ಅದು ಬಂದದ್ದು 2009ರಲ್ಲಿ, ಸಾಫ್ಟ್‌ವೇರ್ ಅಪ್‌ಡೇಟ್ ಆಗಿ. ಹಳೇ ಐಫೋನ್ ಇದ್ದವರಿಗೂ ಸಿಕ್ಕಿತು. ಕೈಯಲ್ಲಿರುವ ವಸ್ತು ಹಳತಾಗುತ್ತಾ ಹೋಗುವ ಬದಲು ಉತ್ತಮವಾಗುತ್ತಾ ಹೋಯಿತು. ಆ ಕಾಲದಲ್ಲಿ ಫೋನ್ ಕೊಂಡವರಿಗೆ ಇದು ಹೊಸ ಅನುಭವ.

ಇನ್ನು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಗುಂಡಿಗಳಿದ್ದ ಹಳೇ ಫೋನನ್ನು ಕಣ್ಣು ಕಾಣದವರು ಬೆರಳಿನಿಂದ ತಡಕಿ ಬಳಸುತ್ತಿದ್ದರು. ಐದರ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತಿತ್ತಲ್ಲ, ಅದೇ ಗುರುತು. ಬರೀ ಗಾಜಿನ ಫೋನ್ ಬಂದಾಗ ಅವರಿಗೆ ದಿಗಿಲಾಯಿತು. ಹಿಡಿಯಲು ಏನೂ ಇಲ್ಲ, ಎಲ್ಲಾ ನುಣುಪು. ಪರದೆ ಓದಿ ಹೇಳುವ ಸಾಫ್ಟ್‌ವೇರ್‌ಗಳು ಆಗಲೂ ಇದ್ದವು, ಆದರೆ ಅವನ್ನು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. 2009ರ ಐಫೋನ್ 3ಜಿಎಸ್‌ನಲ್ಲಿ ಆಪಲ್ ವಾಯ್ಸ್‌ಓವರ್ ಅನ್ನುವುದನ್ನು ಫೋನಿನ ಒಳಗೇ ಇಟ್ಟಿತು. ಒಂದು ಪೈಸೆ ಜಾಸ್ತಿ ಇಲ್ಲ. ಪರದೆ ಮೇಲೆ ಬೆರಳು ಆಡಿಸಿದರೆ ಬೆರಳ ಕೆಳಗೆ ಏನಿದೆ ಅಂತ ಫೋನೇ ಹೇಳುತ್ತದೆ. ಬೇಕಾದದ್ದು ಸಿಕ್ಕಾಗ ಎರಡು ಸಲ ತಟ್ಟಿದರೆ ತೆರೆಯುತ್ತದೆ. ಪರದೆಯನ್ನು ಪೂರ್ತಿ ಕಪ್ಪಾಗಿಸಿಕೊಂಡೂ ಬಳಸಬಹುದು. ಹಾಗೆ ಮಾಡಿದರೆ ಪಕ್ಕದಲ್ಲಿ ಕೂತವರು ಇಣುಕಿ ಓದಲಾಗುವುದಿಲ್ಲ.

ನನಗೆ ಪರಿಚಯದ ಒಬ್ಬ ಮೇಷ್ಟ್ರಿದ್ದಾರೆ, ಹಾಸನದಲ್ಲೇ. ಹುಟ್ಟಿನಿಂದ ದೃಷ್ಟಿ ಇಲ್ಲ. ಹಳೇದೊಂದು ಐಫೋನ್ ಇಟ್ಟುಕೊಂಡಿದ್ದಾರೆ. ಮಗಳ ಮೆಸೇಜ್ ಬಂದರೆ ಇನ್ನೊಬ್ಬರ ಬಾಯಿಂದ ಓದಿಸಿಕೊಳ್ಳಬೇಕಿಲ್ಲ. ಬ್ಯಾಂಕಿನಲ್ಲಿ ಎಷ್ಟು ಹಣ ಇದೆ ಅಂತ ಪಕ್ಕದ ಮನೆಯವರಿಗೆ ಗೊತ್ತಾಗಬೇಕಿಲ್ಲ. "ಸಂಸಾರದ ಮಾತು ಸಂಸಾರದಲ್ಲೇ ಉಳೀತು ಮಾರಾಯ್ರೇ" ಅಂದರು ಒಮ್ಮೆ. ಅವರ ಎದುರು ಬೇರೆ ಫೋನಿನ ಮೆಮೊರಿ, ಕ್ಯಾಮೆರಾ ಲೆಕ್ಕ ಹೇಳಿ ನೋಡಿ, ನಗುತ್ತಾರೆ. ಈಗ ಆಂಡ್ರಾಯ್ಡ್ ಫೋನುಗಳಲ್ಲೂ ಟಾಕ್‌ಬ್ಯಾಕ್ ಅನ್ನುವ ಇಂಥದ್ದೇ ಅನುಕೂಲ ಇದೆ, ಕಡಿಮೆ ಬೆಲೆಯ ಫೋನಿನಲ್ಲೂ ಸಿಗುತ್ತದೆ. ಅದು ಬಹಳ ದೊಡ್ಡ ವಿಷಯ. ಈ ಮಾತು ಕೇಳುತ್ತಿರುವ ಯಾರ ಮನೆಯಲ್ಲಾದರೂ ದೃಷ್ಟಿ ಕಡಿಮೆ ಇರುವ ಹಿರಿಯರಿದ್ದರೆ, ಅವರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅನ್ನುವ ಭಾಗವನ್ನು ದಯವಿಟ್ಟು ಇವತ್ತೇ ತೆರೆದು ನೋಡಿ.

ಇನ್ನೊಂದು, ಅಪ್‌ಡೇಟ್. ಸುಮ್ನೆ ತಲೆನೋವು ಅಂತ ನಾವು ಅದನ್ನು ಮುಂದೂಡುತ್ತೇವೆ. ಫೋನಿನ ಸಾಫ್ಟ್‌ವೇರ್‌ನಲ್ಲಿ ಕಳ್ಳರು ನುಗ್ಗುವಂಥ ತೂತುಗಳು ಆಗಾಗ ಪತ್ತೆಯಾಗುತ್ತಲೇ ಇರುತ್ತವೆ. ಅವನ್ನು ಮುಚ್ಚುವುದೇ ಸೆಕ್ಯುರಿಟಿ ಅಪ್‌ಡೇಟ್‌ನ ಕೆಲಸ. ಕಾಫಿ ಮಾರಿದ ಹಣ, ಹಾಲಿನ ಡೈರಿ ಹಣ, ಸಂಬಳ ಎಲ್ಲ ಫೋನಿನಲ್ಲೇ ಓಡಾಡುವ ಈ ಕಾಲದಲ್ಲಿ ಅದಿಲ್ಲದ ಫೋನ್ ಅಪಾಯ. 2013ರಲ್ಲಿ ಬಂದ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಸೆಕ್ಯುರಿಟಿ ಅಪ್‌ಡೇಟ್ ಬಂತು. ಒಂಬತ್ತು ವರ್ಷ ದಾಟಿದ ಫೋನಿಗೆ! ಅದರಿಂದ ಕಂಪನಿಗೆ ಹೊಸದಾಗಿ ಒಂದು ರೂಪಾಯಿಯೂ ಹುಟ್ಟಲಿಲ್ಲ. ಬಿ.ಎಂ. ರಸ್ತೆಯ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಐಫೋನ್‌ಗೆ ಒಳ್ಳೆಯ ರೇಟು ಸಿಗುವುದಕ್ಕೆ ಇದೂ ಒಂದು ಕಾರಣ. ಆಪಲ್‌ನಲ್ಲಿ ಫೋನ್ ರೂಪಿಸುವವರೂ ಅದರ ಸಾಫ್ಟ್‌ವೇರ್ ಬರೆಯುವವರೂ ಒಬ್ಬರೇ. ಏನಾದರೂ ಕೆಟ್ಟರೆ "ನಮ್ಮದಲ್ಲ, ಅವರದು" ಅಂತ ಜಾರಿಕೊಳ್ಳಲು ದಾರಿ ಇಲ್ಲ.

ಹಾಗಂತ ಈ ಕಂಪನಿ ಎಡವಿಲ್ಲವೇ? ಜೋರಾಗಿಯೇ ಎಡವಿದೆ. 2010ರ ಐಫೋನ್ 4ನ್ನು ಎಡ ಮೂಲೆ ಮುಚ್ಚುವಂತೆ ಹಿಡಿದರೆ ಸಿಗ್ನಲ್ ಬೀಳುತ್ತಿತ್ತು. ಕೊಂಡವರಿಗೆ ಬಿಟ್ಟಿ ಕವರ್ ಕೊಟ್ಟು ಸಮಾಧಾನ ಮಾಡಿದರು. 2017ರದ್ದು ಅದಕ್ಕಿಂತ ಗಂಭೀರ. ಬ್ಯಾಟರಿ ಹಳತಾದ ಫೋನುಗಳು ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಅಂತ ಅವುಗಳ ವೇಗ ತಗ್ಗಿಸಿದ್ದರು. ಉದ್ದೇಶ ಏನೇ ಇರಲಿ, ಜನರಿಗೆ ತಿಳಿಯುವಂತೆ ಹೇಳಿರಲಿಲ್ಲ. ನನ್ನ ಪ್ರಕಾರ ಅದು ನಂಬಿಕೆಗೆ ಕೊಟ್ಟ ಪೆಟ್ಟು. ಎಲ್ಲರಿಗಿಂತ ಜಾಸ್ತಿ ಸಿಟ್ಟಾದವರು ಹಳೇ ಅಭಿಮಾನಿಗಳೇ. ಡಿಸೆಂಬರ್‌ನಲ್ಲಿ ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿತು. ಅಮೆರಿಕದಲ್ಲಿ 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯನ್ನು 29 ಡಾಲರ್‌ಗೆ ಇಳಿಸಿತು. ಇವತ್ತು ಐಫೋನ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಆರೋಗ್ಯ ನೋಡಲು ಸಿಗುತ್ತದಲ್ಲ, ಅದು ಆ ಗಲಾಟೆಯಿಂದ ಬಂದದ್ದು.

ಕಟ್ಟಿಹಾಕುವ ಗುಣವೂ ಇದೆ. ಫೋನು, ವಾಚು, ಕಿವಿಯ ಏರ್‌ಪಾಡ್ಸ್, ಲ್ಯಾಪ್‌ಟಾಪ್ ಎಲ್ಲ ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. ಒಂದನ್ನು ಬಿಟ್ಟು ಬೇರೆ ಕಡೆ ಹೋಗೋಣ ಅಂದರೆ ಉಳಿದವು ಕಾಲು ಹಿಡಿಯುತ್ತವೆ. ಮೊದಲಿನಿಂದಲೂ ಐಫೋನಿಗೆ ಅದರದ್ದೇ ಬೇರೆ ಚಾರ್ಜರ್ ಪಿನ್ ಇತ್ತು. ಯುರೋಪಿನ ಕಾನೂನು ಒತ್ತಾಯಿಸಿದ ಮೇಲೆ, 2023ರ ಐಫೋನ್ 15ರಲ್ಲಿ ಎಲ್ಲರ ಪಿನ್ ಬಂತು. ಹೋಗಲಾರದೆ ಉಳಿದವರನ್ನು ಅಭಿಮಾನಿಗಳ ಲೆಕ್ಕಕ್ಕೆ ಸೇರಿಸಬಾರದು. ಬಾಗಿಲು ತೆರೆದಿದ್ದರೂ ಹೋಗದವರು ಮಾತ್ರ ಅಭಿಮಾನಿಗಳು.

ಸಂತೋಷದ ಸಂಗತಿ ಏನೆಂದರೆ ಮಾರಿದ ಮೇಲೂ ನೋಡಿಕೊಳ್ಳುವ ಈ ಪೈಪೋಟಿ ಈಗ ಎಲ್ಲ ಕಡೆ ಶುರುವಾಗಿದೆ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನಿಗೆ ಏಳು ವರ್ಷ ಅಪ್‌ಡೇಟ್ ಕೊಡುತ್ತೇನೆ ಅಂತ ಮಾತು ಕೊಟ್ಟಿತು. ಮರುವರ್ಷ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೆ ಅದೇ ಮಾತು ಕೊಟ್ಟಿತು. ಕಡಿಮೆ ಬೆಲೆಯ ಫೋನುಗಳಿಗೆ ಇಷ್ಟು ವರ್ಷ ಎಲ್ಲ ಕಂಪನಿಗಳೂ ಕೊಡುವುದಿಲ್ಲ. ನಮ್ಮ ಕಡೆ ಹೆಚ್ಚು ಮಂದಿ ಕೊಳ್ಳುವುದು ಅಂಥವನ್ನೇ.

ಆದ್ದರಿಂದ ಈ ಸಲ ಹಬ್ಬದ ಆಫರ್‌ನಲ್ಲಿ ಫೋನ್ ಕೊಳ್ಳಲು ಹೋದಾಗ, ಯಾವ ಕಂಪನಿಯದಾದರೂ ಸರಿ, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನುವ ಮೊದಲು ಇಷ್ಟು ಕೇಳಿ. ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ? ಮೂರು ವರ್ಷದ ಮೇಲೆ ಬ್ಯಾಟರಿ ಹಾಕಿಸಲು ಎಷ್ಟಾಗುತ್ತದೆ? ಅದು ಹಾಸನದಲ್ಲೇ ಆಗುತ್ತಾ, ಬೆಂಗಳೂರಿಗೆ ಹೋಗಬೇಕಾ? ಅಂಗಡಿಯವರು ಉತ್ತರ ಹೇಳಲು ತಡವರಿಸಿದರೆ ಬೇರೆ ಮಾಡೆಲ್ ತೋರಿಸಿ ಅನ್ನಿ.

ನಮಸ್ಕಾರ.